ಬಟ್ಲರ್ ಮೂರ್ತಿ

"ಮೂರ್ತಿ ಬಟ್ಲರ್ ಮನೆ ಇದೇನಾ ಅಮ್ಮಾ?"

ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ಚಂದ್ರಕ್ಕ ತಲೆಯೆತ್ತಿ ನೋಡಿದಳು. ಮನೆ ಮುಂದೆ ಬಿಳಿ ಕಾರು ನಿಂತಿತ್ತು. ಅದರಿಂದ ಇಳಿದ ಹೆಂಗಸಿಗೆ ಎಂಬತ್ತರ ಹತ್ತಿರದ ವಯಸ್ಸು. ಬಿಳಿ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದಳು, ಹತ್ತಿ ಸೀರೆ, ಕೈಯಲ್ಲಿ ಊರುಗೋಲು. ಹಣೆ ಬರಿದಾಗಿತ್ತು.

"ಬಟ್ಲರ್ ಅಂತ ಯಾರೂ ಇಲ್ರಿ ಇಲ್ಲಿ. ಇದು ಸ್ಟೋರ್ ಮೂರ್ತಪ್ಪರ ಮನೆ."

"ಮಾರಿಕಣಿವೆ ಡ್ಯಾಮಲ್ಲಿ ಕೆಲಸಕ್ಕಿದ್ದರಲ್ಲ, ಅವರೇ ತಾನೆ?"

"ಹೂಂ, ಅಲ್ಲೇ ಇದ್ರು. ಸ್ಟೋರ್‌ನಾಗೆ. ಕಬ್ಬಿಣ, ಸಿಮೆಂಟು ಎಲ್ಲ ಇವರ ಸುಪರ್ದಿನಾಗೆ ಇತ್ತು. ಬರ್ರಿ, ಕುಂತ್ಕಳ್ರಿ. ತ್ವಾಟಕ್ಕೆ ಹೋಗ್ಯಾರೆ, ಈಗ ಬತ್ತಾರೆ."

ಹೆಂಗಸು ಜಗಲಿಯ ಮೇಲೆ ಕುಳಿತು ಸುಧಾರಿಸಿಕೊಂಡಳು. ತಾನು ಸುಮಿತ್ರಾ ಜಯಕರ, ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಲ್ಲಿ ಮನೆ ಎಂದಳು. ತೀರಿಹೋದ ಯಜಮಾನರು ಡ್ಯಾಮಿನಲ್ಲಿ ಇಂಜಿನಿಯರ್ ಆಗಿದ್ದರು. ಹಳೆಯ ಗೇಟ್‌ಮನ್ ಓಬಳೇಶಪ್ಪನನ್ನು ಹುಡುಕಿಸಿ ಈ ವಿಳಾಸ ತೆಗೆದುಕೊಂಡು ಬಂದಿದ್ದಳು.

"ಡ್ಯಾಮಿನ ಬಂಗ್ಲೆಯಲ್ಲಿ ಆರು ವರ್ಷ ನಾವು ಮೂರ್ತಿ ಕೈ ಊಟ ಉಂಡಿದ್ದೀವಿ. ಅಂಥಾ ಕೈ ನಾನು ಆಮೇಲೆ ಎಲ್ಲೂ ನೋಡಲಿಲ್ಲ. ನಾಳೆ ಕ್ರಿಸ್‌ಮಸ್ ನೋಡಿ. ಮಕ್ಕಳು, ಮೊಮ್ಮಕ್ಕಳು ಎಲ್ಲ ಬರ್ತಿದ್ದಾರೆ. ಮನೆ ಮಾರೋ ಮಾತು ಆಗಿದೆ, ಮುಂದಿನ ವರ್ಷ ಎಲ್ಲಿರ್ತೀನೋ. ಮಗ ಬೆಂಗಳೂರಿಂದ ಹ್ಯಾಮ್ ಕಳಿಸಿದ್ದಾನೆ. ಮೂರ್ತಿ ಅದಕ್ಕೆ ಬೆಲ್ಲ ಬಳಿದು ಬೇಯಿಸ್ತಿದ್ದ. ಅದನ್ನ ಒಂದು ಸಲ ಮಾಡಿಕೊಟ್ಟರೆ ಸಾಕು ಅಂತ ಬಂದೆ."

ಚಂದ್ರಕ್ಕನಿಗೆ ಮಾತು ಕೇಳಿಸುತ್ತಿತ್ತು, ಯಾರ ವಿಷಯವೆಂದು ಹೊಳೆಯಲಿಲ್ಲ. ಈ ತಾಯಿ ಯಾವನೋ ಬೇರೆ ಮೂರ್ತಿಯನ್ನು ಹುಡುಕಿಕೊಂಡು ಇಷ್ಟು ದೂರ ಬಂದಿದ್ದಾಳೆ ಪಾಪ, ಅಂದುಕೊಂಡಳು.

"ಹ್ಯಾಮ್ ಅಂದ್ರೆ ಏನ್ರಿ?"

ಸುಮಿತ್ರಾ ಅವಳ ಹಣೆಯ ವಿಭೂತಿ ನೋಡಿದಳು. ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ತಡೆದಳು.

"ಹಂದಿ ತೊಡೆ, ಅಮ್ಮಾ."

ಮಡಿಲಲ್ಲಿದ್ದ ಕಾಳಿನ ಬಟ್ಟಲು ಜಾರಿ ಕಾಳೆಲ್ಲ ಚೆಲ್ಲಿತು. ಚಂದ್ರಕ್ಕ ಬಗ್ಗಿ ಆರಿಸತೊಡಗಿದಳು. ಆ ಹೊತ್ತಿಗೆ ಮೂರ್ತಪ್ಪ ಹೆಗಲ ಮೇಲೆ ಹಸಿ ಹುಲ್ಲಿನ ಹೊರೆ ಹೊತ್ತು ಬಂದ. ಕಾರು ನೋಡಿದ, ಜಗಲಿ ನೋಡಿದ. ಹೊರೆ ತಾನಾಗಿ ಕೆಳಕ್ಕೆ ಬಿತ್ತು.

"ಅಮ್ಮಾವ್ರೇ," ಅಂದ.

ಆ ದನಿಯನ್ನು ಚಂದ್ರಕ್ಕ ಈ ಮೊದಲು ಕೇಳಿರಲಿಲ್ಲ. ಕೈ ಜೋಡಿಸಿ, ಬೆನ್ನು ಅರ್ಧ ಬಗ್ಗಿಸಿ ನಿಂತಿದ್ದ ಈ ಮನುಷ್ಯ ಊರಿನ ಪಂಚಾಯ್ತಿಯಲ್ಲಿ ಎದ್ದು ನಿಂತರೆ ಉಳಿದವರು ಸುಮ್ಮನಾಗುತ್ತಿದ್ದರು. ಸಿರಿಗೆರೆ ಮಠಕ್ಕೆ ಹೋದರೆ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಅವಳ ಕೈಯಲ್ಲಿದ್ದ ನಾಲ್ಕು ಕಾಳು ಮತ್ತೆ ನೆಲಕ್ಕೆ ಬಿದ್ದವು.

"ಬಿಟ್ಟು ಹನ್ನೆರಡು ವರ್ಷ ಆತು ಅಮ್ಮಾವ್ರೆ. ಈಗ ಆಗಲ್ಲ," ಎಂದು ಮೂರ್ತಪ್ಪ ಹೆಂಡತಿಯ ಕಡೆ ನೋಡದೆ ಹೇಳಿದ.

ಸುಮಿತ್ರಾಗೆ ಆಗ ಅರ್ಥವಾಯಿತು. ಅವಳ ಮುಖ ಕಂದಿತು. "ಮನೇಲಿ ಗೊತ್ತಿರಲಿಲ್ಲವಾ ಮೂರ್ತಿ? ಅಯ್ಯೋ, ನಾನು ಏನು ಮಾಡಿಬಿಟ್ಟೆ." ಚಂದ್ರಕ್ಕನ ಕಡೆ ತಿರುಗಿ, "ಮಾಡಿದ್ದನ್ನ ಒಂದು ದಿನ ಬಾಯಿಗೆ ಇಟ್ಟವನಲ್ಲಮ್ಮ ನಿಮ್ಮ ಯಜಮಾನ. ಉಪ್ಪು ಕೂಡ ವಾಸನೆಯಲ್ಲೇ ಹೇಳ್ತಿದ್ದ. ದೇವರಾಣೆ," ಎಂದಳು.

ಚಂದ್ರಕ್ಕ ಎದ್ದು ನಿಂತು ಸೆರಗು ಕೊಡವಿದಳು. ಪ್ರತಿ ಶನಿವಾರ ಮಾರಿಕಣಿವೆಯಿಂದ ಬಂದವನು ಒಳಗೆ ಕಾಲಿಡುವ ಮುಂಚೆ ಹಿತ್ತಲ ತೊಟ್ಟಿಯ ಹತ್ತಿರವೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬರುತ್ತಿದ್ದ. ನಮ್ಮನೆಯೋರ ಮಡಿ ಅಂದ್ರೆ ಮಡಿ ಅಂತ ಅವಳು ಓಣಿಯ ತುಂಬ ಹೇಳಿಕೊಂಡು ತಿರುಗಿದ್ದಳು. ಮೂವತ್ತು ವರ್ಷ ಹೇಳಿದ್ದಳು.

"ಹೋಗಾಣ ನಡೀರಿ," ಅಂದಳು.

"ಎಲ್ಲಿಗೆ?"

"ಇವರ ಮನಿಗೆ. ನೀವು ಮಾಡೋದನ್ನ ನಾನು ನೋಡ್ಬೇಕು."

ಮೂರ್ತಪ್ಪ ಏನೋ ಹೇಳಹೋದ. ಅವಳು ಆಗಲೇ ಬಾಗಿಲಿಗೆ ಬೀಗ ಹಾಕುತ್ತಿದ್ದಳು.

ಕಾರು ಹೊಳಲ್ಕೆರೆ ದಾಟಿದ ಮೇಲೆ ಸುಮಿತ್ರಾ ಒಂದೆರಡು ಸಲ ಡ್ಯಾಮಿನ ಸುದ್ದಿ ತೆಗೆದಳು. ಮೂರ್ತಪ್ಪ ಹೂಂಗುಟ್ಟಿದ. ಹಿಂದಿನ ಸೀಟಿನಲ್ಲಿ ಚಂದ್ರಕ್ಕ ಅವನ ಕತ್ತಿನ ಹಿಂಭಾಗ ನೋಡುತ್ತಿದ್ದಳು. ಅಲ್ಲಿ ಅವಳಿಗೆ ಗೊತ್ತಿದ್ದ ಒಂದು ಮಚ್ಚೆ ಇತ್ತು. ಅದು ಅಲ್ಲೇ ಇರುವುದು ವಿಚಿತ್ರವೆನಿಸಿತು.

ಜೋಗಿಮಟ್ಟಿ ರಸ್ತೆಯ ಮನೆಯಲ್ಲಿ ಅಡುಗೆಮನೆಗೆ ಹಿತ್ತಲ ಕಡೆಯಿಂದ ಒಂದು ಬಾಗಿಲಿತ್ತು. ಸುಮಿತ್ರಾ ಅದರ ಹೊರಗೆ, ಕರಿಬೇವಿನ ಗಿಡದ ನೆರಳಿನಲ್ಲಿ ಚಂದ್ರಕ್ಕನಿಗೆ ಕುರ್ಚಿ ಹಾಕಿಸಿದಳು. ಮನೆಗೆಲಸದ ಶಾಂತಕ್ಕ ಒಂದು ಎಳನೀರು ತಂದುಕೊಟ್ಟಳು. ಚಂದ್ರಕ್ಕ ಅದನ್ನು ಕಾಲ ಬಳಿ ಇಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತಳು.

ಬೆಳಿಗ್ಗೆಯಿಂದ ನೀರಿನಲ್ಲಿ ನೆನೆದಿದ್ದ ತೊಡೆಯನ್ನು ಮೂರ್ತಪ್ಪ ದೊಡ್ಡ ಪಾತ್ರೆಯಲ್ಲಿ ಬೇಯಲು ಇಟ್ಟ. ಅದು ಬೇಯುವ ತನಕ ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದ. ಬೆಂದ ಮೇಲೆ ನೀರು ಬಸಿದು ಹಲಗೆಯ ಮೇಲೆ ಇಟ್ಟುಕೊಂಡ. ಟವೆಲನ್ನು ಸೊಂಟಕ್ಕೆ ಬಿಗಿದ. ಶಾಂತಕ್ಕ ಕೊಟ್ಟ ಚಾಕುವನ್ನು ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ನೋಡಿ, "ಇದು ಬ್ಯಾಡವ್ವ, ಸಣ್ಣದು ಕೊಡು," ಅಂದ.

ಆಮೇಲೆ ಅವನ ಕೈ ಓಡತೊಡಗಿತು.

ಮೇಲಿನ ದಪ್ಪ ಚರ್ಮ ಒಂದೇ ಹಾಳೆಯ ಹಾಗೆ ಬಿಟ್ಟು ಬಂತು. ಕೆಳಗಿನ ಬಿಳಿ ಕೊಬ್ಬಿನ ಮೇಲೆ ಚಾಕುವಿನ ತುದಿಯಿಂದ ಓರೆ ಗೆರೆ ಎಳೆದ, ಅದಕ್ಕೆ ಅಡ್ಡ ಇನ್ನೊಂದು ಸಾಲು. ಅಳತೆ ಪಟ್ಟಿ ಇಟ್ಟರೂ ಅಷ್ಟು ಸಮನಾಗಿ ಬರುತ್ತಿರಲಿಲ್ಲ. ಗೆರೆ ಕೂಡಿದಲ್ಲೆಲ್ಲ ಒಂದೊಂದು ಲವಂಗ ಚುಚ್ಚಿದ. ಎಡಗೈ ಅದನ್ನು ಮಾಡುತ್ತಿರುವಾಗಲೇ ಬಲಗೈ ಒಲೆಯ ಮೇಲಿನ ಬೆಲ್ಲ ಕದಡುತ್ತಿತ್ತು. ಬೆಲ್ಲಕ್ಕೆ ಅನಾನಸ್ ರಸ ಬಿತ್ತು, ಅರೆದ ಸಾಸಿವೆ ಬಿತ್ತು. ಸೌಟಿನಿಂದ ಒಂದು ಹನಿಯನ್ನು ಬೆರಳ ಮೇಲೆ ಬಿಟ್ಟುಕೊಂಡು ಹೆಬ್ಬೆರಳಿಗೆ ತಾಗಿಸಿ ಎಳೆದ. ಸಣ್ಣ ಎಳೆ ಬಂತು. ತಕ್ಷಣ ಒಲೆ ಆರಿಸಿದ.

"ಇನ್ನೊಂದು ಕ್ಷಣ ಬಿಟ್ಟಿದ್ರೆ ಗಟ್ಟಿ ಆಗಿಬಿಡೋದು ಅಮ್ಮಾವ್ರೆ," ಎಂದು ನಕ್ಕ. "ಆವಾಗ ಓವನ್ ಎಲ್ಲಿತ್ತು? ಸೀಮೆಎಣ್ಣೆ ಡಬ್ಬದ ಕೆಳಗೂ ಮ್ಯಾಲೂ ಕೆಂಡ ಹಾಕಿ ಮಾಡ್ತಿದ್ದೆ. ಸಾಹೇಬ್ರು ಬಂದು ಬಂದು ಮುಚ್ಚಳ ತೆಗೆಯೋರು. ಬೈದು ಕಳಿಸ್ತಿದ್ದೆ."

"ಬೈತಿದ್ದ ಕಣೇ ಶಾಂತಾ, ನಿಜವಾಗ್ಲೂ!" ಸುಮಿತ್ರಾಗೆ ನಗು, ಕಣ್ಣಲ್ಲಿ ನೀರು.

ಚಂದ್ರಕ್ಕ ಕುರ್ಚಿಯ ಅಂಚಿಗೆ ಬಂದಿದ್ದಳು. ದೀಪಾವಳಿಯ ಕಜ್ಜಾಯಕ್ಕೆ ಕುಳಿತಾಗ ಪ್ರತಿ ವರ್ಷ ಹೊರಗಿನಿಂದ ಅವನ ಒಂದು ಮಾತು ಬರುತ್ತಿತ್ತು: "ಪಾಕ ಒಂದೆಳೆ ಏರಿತು ನೋಡು." ಗಂಡಸಿಗೆ ಇದೆಲ್ಲ ಹೆಂಗೆ ಗೊತ್ತು ಅಂತ ಅವಳು ನಗುತ್ತಿದ್ದಳು. ಈಗ ಓವನ್ನಿನಿಂದ ಬರುತ್ತಿದ್ದ ವಾಸನೆಯೂ ಅದೇ. ಹೊಲಸು ವಾಸನೆಗೆಂದು ಮೂಗು ಮುಚ್ಚಿಕೊಂಡಿದ್ದಳು. ಬಂದದ್ದು ಬೆಲ್ಲ, ಲವಂಗ, ಅವಳದೇ ಅಡುಗೆಮನೆಯ ಹಬ್ಬದ ವಾಸನೆ. ಸೆರಗು ಯಾವಾಗ ಮೂಗಿನಿಂದ ಜಾರಿತೋ ಅವಳಿಗೆ ತಿಳಿಯಲಿಲ್ಲ.

ಹಂದಿಯ ಮಾತು ಅವಳ ಮನಸ್ಸಿನಿಂದ ಹೋಗಿಯೇ ಬಿಟ್ಟಿತ್ತು. ಅವಳು ಆ ಕೈಗಳನ್ನೇ ನೋಡುತ್ತಿದ್ದಳು. ಮನೆಯಲ್ಲಿ ಅವು ಒಂದು ಲೋಟ ನೀರು ಬಗ್ಗಿಸಿಕೊಂಡದ್ದಿಲ್ಲ. ಊಟಕ್ಕೆ ಕೂತರೆ ಉಪ್ಪಿನಕಾಯಿ ಜಾಡಿ ಮೊಣಕೈ ದೂರದಲ್ಲಿದ್ದರೂ "ಲೇ, ಉಪ್ಪಿನಕಾಯಿ," ಎನ್ನುತ್ತಿದ್ದ ಮನುಷ್ಯ. ಅಡುಗೆಮನೆಯ ಹೊಸಿಲು ದಾಟಿದವನಲ್ಲ. ಇಲ್ಲಿ ಹಾಡು ಗುನುಗುತ್ತಿದ್ದಾನೆ. ಇಷ್ಟು ಸಂತೋಷವಾಗಿ ಅವನು ಮಗಳ ಮದುವೆಯಲ್ಲೂ ಇರಲಿಲ್ಲ.

ಮುಕ್ಕಾಲು ಗಂಟೆ ಕಳೆದಿತ್ತು. ಇನ್ನೊಮ್ಮೆ ಪಾಕ ಬಳಿಯುವ ಹೊತ್ತು. ಶಾಂತಕ್ಕ ಓವನ್ ಬಾಗಿಲು ತೆಗೆದು ತಟ್ಟೆಗೆ ಕೈ ಹಾಕಹೋದಳು. ಮೂರ್ತಪ್ಪ ಎರಡೇ ಹೆಜ್ಜೆಯಲ್ಲಿ ಬಂದು ಅವಳ ಕೈ ಹಿಡಿದ.

"ಬಿಡವ್ವ, ಬಿಡು. ಸುಟ್ಕಂಬಿಟ್ಟೀಯ. ನಾನು ತೆಗೀತೀನಿ."

ಚಂದ್ರಕ್ಕನಿಗೆ ಹಳೆಯ ಒಂದು ದಿನ ನೆನಪಾಯಿತು.

ಅವಳಿಗೆ ಟೈಫಾಯ್ಡ್ ಬಂದಿದ್ದ ವರ್ಷ ಅದು. ಹನ್ನೊಂದು ದಿನ ಎದ್ದಿರಲಿಲ್ಲ. ಅತ್ತೆ ತೀರಿಕೊಂಡಿದ್ದರು, ತವರಿನಿಂದ ಬರುವವರು ಯಾರೂ ಇರಲಿಲ್ಲ. ಮೂರ್ತಪ್ಪ ರಜೆ ಹಾಕಿ ಬಂದಿದ್ದ. ನೆರೆಮನೆಯ ಶಿವಗಂಗಮ್ಮ ಒಂದು ಹೊತ್ತು ರೊಟ್ಟಿ ಕೊಡುತ್ತಿದ್ದಳು. ಇನ್ನೊಂದು ಹೊತ್ತಿಗೆ ಎಂಟು ವರ್ಷದ ಮಗಳು ಯಶೋಧಾ ಮಣೆಯ ಮೇಲೆ ನಿಂತು ಅನ್ನಕ್ಕೆ ಇಡುತ್ತಿದ್ದಳು. ಐದನೇ ದಿನವೋ ಆರನೇ ದಿನವೋ ಗಂಜಿ ಬಸಿಯುವಾಗ ಪಾತ್ರೆ ಜಾರಿತು. ಜ್ವರದಲ್ಲೂ ಚಂದ್ರಕ್ಕನಿಗೆ ಆ ಕಿರುಚು ಕೇಳಿಸಿತ್ತು. ಮೂರ್ತಪ್ಪ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದ, ಮೂರು ದಿನ ಮಡಿಲಿನಿಂದ ಇಳಿಸಿರಲಿಲ್ಲ. ಒಳ್ಳೆ ಅಪ್ಪ ಎಂದೇ ಎಲ್ಲರೂ ಅಂದರು. ಚಂದ್ರಕ್ಕನೂ ಅಂದಳು. ಗಂಡಸರಿಗೆ ಒಲೆಯ ಕೆಲಸ ಎಲ್ಲಿ ಬರುತ್ತೆ ಪಾಪ, ಅಂದಿದ್ದಳು. ಯಶೋಧಾ ಈಗ ಹೊಸದುರ್ಗದಲ್ಲಿ ಟೀಚರ್. ಇವತ್ತಿಗೂ ಬಲಗೈಯ ಕಲೆ ಮುಚ್ಚುವಂತೆ ಉದ್ದ ತೋಳಿನ ರವಿಕೆಯನ್ನೇ ಹೊಲಿಸಿಕೊಳ್ಳುತ್ತಾಳೆ.

ಚಂದ್ರಕ್ಕ ಎದ್ದಳು. ಎಳನೀರು ಕಾಲಿಗೆ ತಾಗಿ ಉರುಳಿತು. ಕಾಂಪೌಂಡಿನ ಗೇಟು ತೆಗೆದು ರಸ್ತೆಗೆ ಇಳಿದಳು, ಹಿಂದೆ ನೋಡಲಿಲ್ಲ. ಬಸ್‌ಸ್ಟ್ಯಾಂಡು ಯಾವ ಕಡೆ ಎಂದು ಇಬ್ಬರನ್ನು ಕೇಳಿದಳು. ಮೊದಲನೆಯವನು ಹೇಳಿದ್ದು ತಲೆಗೆ ಹೋಗಿರಲಿಲ್ಲ.

ಮೂರ್ತಪ್ಪ ಬಂದು ಸೇರುವಷ್ಟರಲ್ಲಿ ಅವಳು ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಕುಳಿತಿದ್ದಳು. ಅವನ ಸೊಂಟದಲ್ಲಿ ಇನ್ನೂ ಟವೆಲಿತ್ತು. ಪಕ್ಕದಲ್ಲಿ ಕೂರಲು ಧೈರ್ಯವಾಗದೆ ನಿಂತ.

"ಒಂದು ದಿನಾನೂ ತಿಂದಿಲ್ಲ. ಇಷ್ಟಲಿಂಗ ಮುಟ್ಟಿ ಹೇಳ್ತೀನಿ," ಅಂದ. "ಗೇಟ್ ಕೆಲಸ ಅಂತಾನೇ ಸೇರಿದ್ದು. ಬಂಗ್ಲೆನಾಗೆ ಹಳೇ ಬಟ್ಲರ್ ಸಾಬ್ರಿಗೆ ಕಣ್ಣು ಹೋದ್ವು. ಕೈ ಹಚ್ಚು ಅಂದ್ರು. ನೌಕರಿ ಪರ್ಮನೆಂಟ್ ಮಾಡ್ತೀವಿ ಅಂದ್ರು. ಊರಾಗೆ ಹೆಂಗೆ ಹೇಳ್ಲಿ? ಸ್ಟೋರ್ ಅಂದೆ."

ಚಂದ್ರಕ್ಕ ಅವನ ಮುಖ ನೋಡಿದಳು.

"ಯಶೋಧಾ ಕೈ ಸುಟ್ಕಂಡ ದಿನ ನೀನು ಎಲ್ಲಿದ್ದೆ?"

ನಲವತ್ತಾರು ವರ್ಷದಲ್ಲಿ ಅವಳು ಗಂಡನನ್ನು 'ನೀನು' ಎಂದದ್ದಿಲ್ಲ. ಅಂದದ್ದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು. ಅವಳು ಹಂದಿ ತೊಡೆಯ ಬಗ್ಗೆ ಕೇಳುತ್ತಾಳೆಂದು ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಬಂದಿದ್ದ.

"ಜಗಲಿ ಮ್ಯಾಲೆ," ಅಂದ.

"ಏನ್ ಮಾಡ್ತಿದ್ದೆ?"

"ಕುಂತಿದ್ದೆ."

ದಾವಣಗೆರೆ ಬಸ್ಸೊಂದು ಬಂದು ನಿಂತು, ಜನ ಇಳಿದು, ಜನ ಹತ್ತಿ ಹೊರಟಿತು. ಮೂರ್ತಪ್ಪ ಬೆಂಚಿನ ತುದಿಯಲ್ಲಿ ಕುಳಿತ. ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ. ಬೆರಳ ಸಂದಿಯಲ್ಲಿ ಬೆಲ್ಲ ಅಂಟಿತ್ತು.

"ಒಳಾಕೆ ಹೋಗಾಣ ಅಂತ ಎರಡು ಸಲ ಎದ್ದಿದ್ದೆ," ಅಂದ. "ನಾನು ಈರುಳ್ಳಿ ಹೆಚ್ಚೋದು ನೋಡಿದ್ರೆ ಸಾಕು, ಅಡುಗೆಯೋನು ಅಂತ ಶಿವಗಂಗಮ್ಮಗೆ ಗೊತ್ತಾಗಿಬಿಡ್ತಿತ್ತು. ನಿಂಗೂ ಗೊತ್ತಾಗ್ತಿತ್ತು. ಬರ್ದೇ ಇರೋನಂಗೆ ಮಾಡಾಕೆ ನಂಗೆ ಬರ್ತಿರ್ಲಿಲ್ಲ. ಅದಕ್ಕೇ ಕುಂತೆ."

"ಎಂಟು ವರ್ಷದ ಕೂಸು."

"ಹೂಂ."

"ಎಂಟು ವರ್ಷ ರೀ," ಎಂದಳು ಮತ್ತೆ.

ಹೊಳಲ್ಕೆರೆ ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕುಳಿತಳು. ಅವನು ಹಿಂದೆ ಎಲ್ಲೋ ನಿಂತಿದ್ದ. ಕಿಟಕಿಯಾಚೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಬಸ್ಸಿನಲ್ಲಿ ಒಮ್ಮೆ ಫೋನ್ ಬಂತು, ಯಶೋಧಾದು. ದಿನಾ ಸಂಜೆ ಮಾಡುತ್ತಾಳೆ. ಚಂದ್ರಕ್ಕ ಹೆಸರನ್ನು ನೋಡುತ್ತ ಕುಳಿತಳು. ಫೋನು ತಾನಾಗಿ ಸುಮ್ಮನಾಯಿತು.

ತಮ್ಮೂರು ತಾಳ್ಯಕ್ಕೆ ಬಂದು ಇಳಿದಾಗ ಇನ್ನೂ ಬೆಳಕಿತ್ತು. ಅಂಗಳದಲ್ಲಿ ಅವರೆಕಾಳು ಚೆಲ್ಲಿದ ಹಾಗೇ ಬಿದ್ದಿತ್ತು, ಓಣಿಯ ಕೋಳಿಗಳು ಅರ್ಧ ಮುಗಿಸಿದ್ದವು. ಚಂದ್ರಕ್ಕ ಅದನ್ನು ದಾಟಿ ಬೀಗ ತೆಗೆದು, ಕೈಕಾಲು ಕೂಡ ತೊಳೆಯದೆ ನಡುಮನೆಯಲ್ಲಿ ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮೂರ್ತಪ್ಪ ತೊಟ್ಟಿಯ ಹತ್ತಿರ ನೀರು ಹುಯ್ದುಕೊಳ್ಳುವುದು ಕೇಳಿಸಿತು. ಆಮೇಲೆ ಅವನು ಬಂದು ಅವಳ ತಲೆಯ ಹತ್ತಿರ ನಿಂತ.

"ಬೆಳಿಗ್ಗಿಂದ ಏನೂ ತಿಂದಿಲ್ಲ ನೀನು," ಅಂದ.



ಅವನು ಅಡುಗೆಮನೆಗೆ ಹೋದ. ಒಲೆ ಹತ್ತಿದ ಸದ್ದು, ಪಾತ್ರೆಗೆ ನೀರು ಬಿದ್ದ ಸದ್ದು. ಈರುಳ್ಳಿ ಹೆಚ್ಚುವ ಸದ್ದು ಅಷ್ಟು ಬೇಗ, ಅಷ್ಟು ಸಮನಾಗಿ ಬಂತೆಂದರೆ ಮನೆಗೆ ಯಾರೋ ಬೇರೆಯವರು ಬಂದ ಹಾಗಿತ್ತು. ಅವಳು ಕಣ್ಣು ಬಿಟ್ಟು ಗೋಡೆಯನ್ನು ನೋಡುತ್ತಿದ್ದಳು. ಸದ್ದು ನಿಂತಿತು.

"ಉಪ್ಪು ಎಲ್ಲಿಟ್ಟೀಯ?" ಅವನ ದನಿ ಮೆಲ್ಲಗೆ ಬಂತು.

ಒಳಗೆ ಅವನು ಒಂದೊಂದಾಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿ ಮುಚ್ಚತೊಡಗಿದ.