ರನ್‌ವೇ ಮೇಲೆ ಹಾಸಿದ ಚಾಪೆ

ವಾರಕ್ಕೊಮ್ಮೆ ಬರುವ ವಿಮಾನಕ್ಕಾಗಿ ರನ್‌ವೇಯಿಂದ ಹಂದಿ ಓಡಿಸುವುದು, ಪ್ರಯಾಣಿಕರನ್ನು ತೂಗಿ ಹತ್ತಿಸುವುದು, ಎಲ್ಲ ಆರಿತೀತಾಳದೇ ಕೆಲಸ. ಆ ದ್ವೀಪದ ವಿಮಾನ ನಿಲ್ದಾಣವೆಂದರೆ ತೆಂಗಿನ ಗರಿ ಹೊದಿಸಿದ ಒಂದು ಚಪ್ಪರ, ಹವಳದ ಪುಡಿ ಬಡಿದ ರನ್‌ವೇ, ಮತ್ತು ಅವಳು.

ಅಂದು ತೆರೇತಿಯಾಳನ್ನು ಚಾಪೆಯಲ್ಲೇ ಹೊತ್ತು ತಂದರು. ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿತ್ತು. ರಾಜಧಾನಿ ತರಾವಾದ ಆಸ್ಪತ್ರೆ ಮುಟ್ಟದಿದ್ದರೆ ಇಬ್ಬರೂ ಉಳಿಯುವುದಿಲ್ಲವೆಂದು ನರ್ಸ್ ಕೈಚೆಲ್ಲಿದ್ದಳು. ವಿಮಾನವೋ ಭರ್ತಿ. ತಪಾಸಣೆಗೆ ಬಂದಿದ್ದ ಅಧಿಕಾರಿ ಕೌರಾಬಿ, ತನ್ನಿಬ್ಬರು ಗುಮಾಸ್ತರೊಂದಿಗೆ ಆಗಲೇ ಹತ್ತಿ ಕುಳಿತಿದ್ದ.

"ಸಾಹೇಬ್ರೇ, ನೀವು ಮೂರೂ ಜನ ಇಳೀರಿ. ಇವಳನ್ನ ಮಲಗಿಸ್ಬೇಕು," ಎಂದಳು ಆರಿತೀತಾ.

"ನಾಳೆ ನಂಗೆ ಮೀಟಿಂಗಿದೆ ಕಣಮ್ಮ. ಹೋದ ತಕ್ಷಣ ಇನ್ನೊಂದು ವಿಮಾನ ಕಳಿಸ್ತೀನಿ."

"ಹೋದ್ಸಲಾನೂ ಹಂಗೇ ಅಂದಿದ್ರಿ. ಆಗ ಕಾದೋಳು ನನ್ನ ತಂಗಿ. ಅಲ್ಲೇ ಮಣ್ಣು ಮಾಡಿದ್ವಿ ಅವಳನ್ನ, ಆ ತೆಂಗಿನ ಸಾಲಿನ ಹಿಂದೆ."

ಕೌರಾಬಿ ಮುಖ ತಿರುಗಿಸಿ ಪೈಲಟ್‌ಗೆ, "ಹೊರಡಯ್ಯ," ಎಂದ.

ಆರಿತೀತಾ ಚಪ್ಪರದಿಂದ ಚಾಪೆ ತಂದು ವಿಮಾನದ ಮೂತಿಯೆದುರು ಹಾಸಿ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಎಂಜಿನ್ ಗುಡುಗಿತು, ಧೂಳು ಮುಖಕ್ಕೆ ರಾಚಿತು. ಅವಳು ಕದಲಲಿಲ್ಲ. ಪೈಲಟ್ ಎಂಜಿನ್ ಆರಿಸಿದ. "ಹೆಂಗಸಿನ ಮೇಲೆ ಹತ್ತಿಸೋಕೆ ನನ್ನ ಕೈಲಾಗಲ್ಲ ಸರ್."

ಅಷ್ಟರಲ್ಲಿ ಊರ ಹೆಂಗಸರೂ ಒಬ್ಬೊಬ್ಬರಾಗಿ ಚಾಪೆ ತಂದು ಪಕ್ಕದಲ್ಲಿ ಕೂತರು.

ಕೌರಾಬಿ ಬಾಗಿಲಲ್ಲಿ ನಿಂತು ಕೂಗಿದ, "ಏಯ್, ನಿನ್ನ ಕೆಲಸ ಇವತ್ತಿಗೆ ಹೋಯ್ತು ಅಂದ್ಕೋ!"

"ಹೋಗ್ಲಿ ಬಿಡಿ. ನಾಳೆಯಿಂದ ಹಂದಿ ನೀವೇ ಓಡಿಸ್ಕೊಳ್ಳಿ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಆ ಕೆಲಸದಿಂದಲೇ ಆರಿತೀತಾಳ ಮನೆಯಲ್ಲಿ ಅಕ್ಕಿ ಬೇಯುತ್ತಿದ್ದುದು. ಆದರೂ ಅವಳು ಏಳಲಿಲ್ಲ.

ಬಿಸಿಲೇರಿ ವಿಮಾನ ಕಾದ ಹೆಂಚಾಯಿತು. ಮೊದಲು ಗುಮಾಸ್ತರು ಇಳಿದರು. ಕೊನೆಗೆ ಬೆವರಲ್ಲಿ ತೊಯ್ದ ಕೌರಾಬಿ. ತೆರೇತಿಯಾಳನ್ನು ಮಲಗಿಸಿಕೊಂಡು ವಿಮಾನ ಹಾರಿತು.

ವಾರವಿಡೀ ಕೌರಾಬಿ ದ್ವೀಪದಲ್ಲೇ ಉಳಿಯಬೇಕಾಯಿತು. ಅತಿಥಿಯನ್ನು ಉಪವಾಸ ಕೆಡವುವುದು ಆ ಊರಿನ ಪದ್ಧತಿಯಲ್ಲ. ಸುಟ್ಟ ಮೀನು ಕಳಿಸಿದರು, ಮಾತಾಡಿಸಲಿಲ್ಲ. ಅವನು ತರಾವಾ ಸೇರಿದ ಮೇಲೆ ಆರಿತೀತಾಳ ಕೆಲಸ ನಿಜಕ್ಕೂ ಹೋಯಿತು.

ತೆರೇತಿಯಾ ಹೆಣ್ಣುಮಗುವನ್ನೆತ್ತಿಕೊಂಡು ಮರಳಿದ ದಿನ, ತರಾವಾದಿಂದ ಬಂದ ಹೊಸ ನೌಕರ ಆರಿತೀತಾಳನ್ನು ತಡೆದ. "ಹೊರಗಿನವ್ರು ರನ್‌ವೇಗೆ ಬರಂಗಿಲ್ಲಮ್ಮ."

"ನಮ್ಮಜ್ಜನ ತೆಂಗು ಕಡಿದು ಮಾಡಿದ ರನ್‌ವೇ ಇದು. ಹೊರಗಿನವ್ನು ನೀನು ಕಣಪ್ಪ. ಸರಿ ಆಚೆ," ಎಂದು ಅವಳು ನೆಟ್ಟಗೆ ನಡೆದುಹೋಗಿ ಮಗುವಿಗೆ ಕೈಚಾಚಿದಳು.