ಎಡಗಡೆಯ ಈಟಿ

ಉಮಾ “ಹೋಲ್ಡ್” ಎಂದು ಕೂಗಿದಳು. ವಿದನ್‌ಶಾ ಊರಿನ ಪಾರ್ಕಿನ ಹುಲ್ಲಿನ ಮೇಲೆ ಅಭ್ಯಾಸ ನಡೆಸಿದ್ದ ಗುರಾಣಿಗಳು ಇದ್ದಲ್ಲೇ ನಿಂತವು. ಒಂದು ಈಟಿ ಮಾತ್ರ ನಿಲ್ಲದೆ ಎದುರು ಸಾಲಿನ ಸಾತ್ವಿಕನ ಕುತ್ತಿಗೆಗೆ ತಗುಲಿತು. ಎಂ.ಎಸ್ಸಿ. ಓದಲು ಬಂದ ಹುಡುಗ ಅವನು. ಕತ್ತು ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟ.

ಈಟಿ ಅವಳ ಗಂಡ ಹರಿಶ್ಚಂದ್ರನದು.

“ಏನಾಗಿಲ್ಲ ಆಂಟಿ,” ಎಂದ ಸಾತ್ವಿಕ್, ಉಗುಳು ನುಂಗುತ್ತ. ದಪ್ಪ ಹತ್ತಿಯ ಕಾಲರಿನ ಅಂಚಿನಲ್ಲಿ ಚರ್ಮ ಕೆಂಪಗಾಗಿತ್ತು.

ಮಧ್ಯಯುಗದ ಕಾಳಗಗಳನ್ನು ಕವಚ ತೊಟ್ಟು ಜನರೆದುರು ಆಡಿ ತೋರಿಸುವ ತಂಡ ಅದು. ಕೆಲವು ವರ್ಷಗಳ ಹಿಂದೆ ಉಮಾಳ ಕ್ಲಿನಿಕ್ಕಿನ ರಿಸೆಪ್ಶನಿಸ್ಟ್ ಅವಳನ್ನು ಬಲವಂತವಾಗಿ ಎಳೆತಂದಿದ್ದಳು. ದಿನವಿಡೀ ರೋಗಿಗಳ ಜೊತೆ ಮೆಲ್ಲಗೆ ಮಾತಾಡುವ ಜಿಪಿ ಡಾಕ್ಟರಿಗೆ ಮೈದಾನದ ಆಚೆ ತುದಿಗೂ ಮುಟ್ಟುವ ಗಂಟಲಿದೆಯೆಂದು ಗೊತ್ತಾದದ್ದು ಇಲ್ಲೇ. ಈ ಚಳಿಗಾಲ ಎಡಪಡೆಯ ಹೊಣೆಯನ್ನೇ ಅವಳಿಗೆ ಕೊಟ್ಟರು. ಹೊಸಬರನ್ನು ಸಾಲು ನಿಲ್ಲಿಸಬೇಕು, ಗುರಾಣಿಗೆ ಗುರಾಣಿ ತಾಗಿಸಿ ನಡೆಸಬೇಕು, ಈಟಿ ಯಾರ ಮುಖದ ಮಟ್ಟಕ್ಕೂ ಏರದಂತೆ ನೋಡಬೇಕು. ಮೊನೆ ಮೊಂಡಾದರೂ ಕಬ್ಬಿಣ ಕಬ್ಬಿಣವೇ. ಅದಕ್ಕೇ ಯಾರು “ಹೋಲ್ಡ್” ಎಂದರೂ ಎಲ್ಲರೂ ಕಲ್ಲಾಗಬೇಕಿತ್ತು.

“ಹೆಲ್ಮೆಟ್ ಒಳಗೆ ಏನೂ ಕೇಳಲ್ಲ ಕಣೆ,” ಎಂದು ಹರಿಶ್ಚಂದ್ರ ನಕ್ಕ.

ಉಳಿದವರ ತಲೆ ಮೇಲೂ ಅಂಥದೇ ಹೆಲ್ಮೆಟ್ ಇತ್ತು. ಉಮಾ ಸಾಲನ್ನು ಮತ್ತೆ ನಡೆಸಿದಳು. ಈ ಸಲ ಗಂಡನ ಎಡಕ್ಕೆ, ತುಸು ಹಿಂದೆ ನಿಂತು ಅದೇ ದನಿಯಲ್ಲಿ ಕೂಗಿದಳು. ಪಕ್ಕದವರು ನಿಂತರು. ಅವರು ನಿಂತದ್ದನ್ನು ಕಂಡು ಅವನು ನಿಂತ.

ಆಗ ಅವಳಿಗೆ ಒಂದೊಂದೇ ನೆನಪಾಯಿತು. ಟೀವಿಯ ಸದ್ದು ಏರಿದ್ದು, ಫೋನನ್ನು ಬಲಗಿವಿಗೇ ಹಿಡಿಯುವುದು. ಅವನು ಮೂಳೆ ಸರ್ಜನ್. ಆಪರೇಷನ್ ನಡುವೆ ಎಡಗಡೆಯಿಂದ ಯಾರಾದರೂ ನಿಲ್ಲಿಸಿ ಎಂದರೆ?

ಮನೆಗೆ ಹೊರಟಾಗ ಅವಳೇ ಕಾರು ಓಡಿಸಿದಳು, ಅವನ ಬಲಗಿವಿ ತನ್ನ ಕಡೆಗಿರಲೆಂದು.

“ಎಡಗಿವಿ ಯಾವಾಗಿಂದ ಹೀಗೆ?”

“ಸ್ವಲ್ಪ ಮಂದ ಅಷ್ಟೆ.”

“ಯಾವಾಗಿಂದ, ಹೇಳಿ.”

“ಹೋದ ಸಮ್ಮರ್‌ನಿಂದ.” ಅವನು ಕಿಟಕಿಯಾಚೆ ನೋಡುತ್ತಿದ್ದ. “ಆಪರೇಷನ್ ಥಿಯೇಟರಲ್ಲಿ ಹೇಗೋ ಮ್ಯಾನೇಜ್ ಮಾಡ್ತಿದೀನಿ. ಹೇಳಿದ್ರೆ ಡ್ಯೂಟಿ ಪಟ್ಟಿಯಿಂದ ತೆಗೀತಾರೆ ಉಮಾ. ಆಮೇಲೆ ವಾಪಸ್ ತಗೊಳ್ತಾರೋ ಇಲ್ವೋ.”

“ನಾಳೆ ಶೋನಲ್ಲಿ ನೀವು ಸಾಲಲ್ಲಿ ಇರಲ್ಲ.”

“ಇದು ಹೆಂಡತಿ ಮಾತೋ, ಕ್ಯಾಪ್ಟನ್ ಮಾತೋ?”

“ಸಾತ್ವಿಕ್ ಕತ್ತು ನೋಡಿದ್ರಲ್ಲ.”



ಮಾರನೆಯ ದಿನ ನಾಟಿಂಗ್‌ಹ್ಯಾಮ್ ಹತ್ತಿರದ ಬಯಲಲ್ಲಿ ಪ್ರದರ್ಶನ. ಹರಿಶ್ಚಂದ್ರ ಬಂದ, ಕವಚ ತೊಡದೆ, ಕಾದಾಡುವವರಿಗೆ ನೀರು ಕೊಡುವ ಕೆಲಸ ಹಿಡಿದ. ಅವನ ಜಾಗದಲ್ಲಿ ನಿಂತ ಬೃಂದಾ ಈಟಿಗೆ ಹೊಸಬಳು. ಎದುರು ಪಡೆ ನುಗ್ಗಿದಾಗ ಎಡತುದಿ ಬಾಗಿತು, ಬೃಂದಾ ಕಾಲು ತೊಡರಿ ಬಿದ್ದಳು, ಅವಳ ಮೇಲೆ ಗುರಾಣಿಗಳು ಒತ್ತಿಕೊಂಡು ಬಂದವು.

“ಹೋಲ್ಡ್. ಹೋಲ್ಡ್,” ಎಂದು ಉಮಾ ಕೂಗಿದಳು.

ಇಡೀ ಬಯಲು ನಿಂತಿತು. ಕಾಲು ಉಳುಕಿರಲಿಲ್ಲ, ಬೃಂದಾ ಎದ್ದಳು. ಉಮಾ ಉಸಿರು ಬಿಟ್ಟು ತಲೆಯೆತ್ತಿದರೆ ನೂರಾರು ಜನ ಅಲ್ಲಾಡದೆ ನಿಂತ ಆ ಬಯಲಲ್ಲಿ ಒಬ್ಬನೇ ನಡೆದು ಬರುತ್ತಿದ್ದ. ತುಂಬಿದ ಬಕೆಟ್ಟು ಚೆಲ್ಲದಿರಲೆಂದು ತಲೆ ತಗ್ಗಿಸಿ ಹರಿಶ್ಚಂದ್ರ ನೇರ ಈಟಿಗಳ ನಡುವೆಯೇ ಬರುತ್ತಿದ್ದ. ಸಾಲು ದಾಟಿದ ಮೇಲೆ ತಲೆಯೆತ್ತಿ ಸುತ್ತ ನೋಡಿದ. ಬಕೆಟ್ಟನ್ನು ಅಲ್ಲೇ ಕೆಳಗಿಟ್ಟ.

ವಿರಾಮದಲ್ಲಿ ಅವಳಿಗೆ ನೀರು ಕೊಡುತ್ತ ಕೇಳಿದ, “ಕೂಗಿದ್ಯಾ?”

“ಎರಡು ಸಲ.”

“ಎಡಗಡೆಯಿಂದ ನಂಗೆ ಗಾಳಿ ಸದ್ದು ಅಷ್ಟೇ ಕೇಳಿದ್ದು.” ಲೋಟ ವಾಪಸು ಇಸಕೊಂಡ. “ನಾಳೆ ನಂದು ಆಪರೇಷನ್ ಇದೆ. ಈಗಲೇ ಫೋನ್ ಮಾಡಿ ಬೇರೆಯವರಿಗೆ ಒಪ್ಪಿಸಿ ಅಂತೀನಿ.”

ಕಾರ್ ಪಾರ್ಕಿನ ಕಡೆ ಹೋಗಿ, ಬೆನ್ನು ಮಾಡಿ ನಿಂತು ಮಾತಾಡಿದ. ಉಮಾಳ ಪಡೆ ಆ ಮಧ್ಯಾಹ್ನ ಸೋತಿತು. ಅವಳು ಅರ್ಧ ಆಜ್ಞೆಗಳನ್ನು ಮರೆತಿದ್ದಳು.

ಪರೀಕ್ಷೆಯಲ್ಲಿ ಎಡಗಿವಿಯ ನರ ಸೊರಗಿದ್ದು ಗೊತ್ತಾಯಿತು, ಅದು ಇನ್ನು ಸರಿಹೋಗದು. ಶ್ರವಣಯಂತ್ರ ಹಾಕಿಕೊಂಡು ಹರಿಶ್ಚಂದ್ರ ಹೊರರೋಗಿಗಳನ್ನು ನೋಡುತ್ತಾನೆ. ಥಿಯೇಟರಿಗೆ ಮರಳುವ ಮಾತು ಇನ್ನೂ ತೀರ್ಮಾನವಾಗಿಲ್ಲ. ಆಸ್ಪತ್ರೆಯಿಂದ ಫೋನ್ ಬಂದಾಗಲೆಲ್ಲ ಉಮಾ ಒಲೆ ಆರಿಸಿ ನಿಲ್ಲುತ್ತಾಳೆ, ಅವನು ಮಾತು ಮುಗಿಸಿ ಮುಖ ಈ ಕಡೆ ತಿರುಗಿಸುವವರೆಗೆ.