ನಪುಂಸಕಲಿಂಗಕ್ಕೆ ಒಂದು ಉದಾಹರಣೆ

ಉಕ್ಕಿತು, ಗಂಜಿ ಉಕ್ಕಿತು ಎಂದು ಬಚ್ಚಲಿನಿಂದ ಓಡಿ ಬಂದರೆ ಒಲೆಯ ಮೇಲೆ ಏನೂ ಉಕ್ಕಿಲ್ಲ, ಆ ಸದ್ದು ಪಡಸಾಲೆಯ ನಗು, ಇವರೂ ದಫೇದಾರ ಕೆಂಚವೀರಪ್ಪನೂ ಸೇರಿ ನಗುತ್ತಿದ್ದಾರೆ, ಪಾತ್ರೆಯ ಮುಚ್ಚಳವನ್ನು ಎತ್ತಿ ಎತ್ತಿ ಬಡಿಯುವಂಥ ನಗು, ಮೇಷ್ಟ್ರೆ ನೀವು ಹೊಡೆದ ಬಾಸುಂಡೆ ಇನ್ನೂ ಕುಂಡಿ ಮ್ಯಾಲೆ ಐತ್ರಿ, ಸಂಧಿ ಸಮಾಸ ಎಲ್ಲ ಮರ್ತೀನಿ, ಬಾಸುಂಡೆ ಮರ್ತಿಲ್ಲ, ಅನ್ನುತ್ತಾನೆ ಕೆಂಚವೀರಪ್ಪ, ಹೈಸ್ಕೂಲಿನಲ್ಲಿ ಇವರ ಹತ್ತಿರ ಕನ್ನಡ ಕಲಿತವನು, ಅದಕ್ಕೇ ಪೊಲೀಸ್ ಆದೆ ಮಗನೆ, ಇಲ್ಲಾಂದ್ರೆ ಕಳ್ಳ ಆಗ್ತಿದ್ದೆ, ಅನ್ನುತ್ತಾರೆ ಇವರು, ಮತ್ತೆ ನಗು, ನಗಲಿ, ನನಗೆ ಈ ನುಚ್ಚು ಕರಗಬೇಕು, ಒಂದು ಅಗುಳೂ ಉಳಿಯಬಾರದು, ಉಳಿದರೆ ತಂತಿಗೆ ಸಿಕ್ಕಿಕೊಳ್ಳುತ್ತದೆ, ನಿನ್ನೆ ಆಸ್ಪತ್ರೆಯಲ್ಲಿ ಸಿಕ್ಕಿಕೊಂಡು ಕೊಟ್ರವ್ವ ಕೆಮ್ಮಿ ಕೆಮ್ಮಿ ಮೂಗಿನಿಂದ ರಕ್ತ ಬಂತು, ಒಡೆದ ದವಡೆ ಕೂಡಲಿ ಎಂದು ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಸೇರಿಸಿ ಬಿಗಿದಿರುವ ತಂತಿ, ಬಾಯಿ ಬಿಡಂಗಿಲ್ಲ, ಮಾತಾಡಂಗಿಲ್ಲ, ಹಲ್ಲು ಬಿದ್ದ ಸಂದಿಯಾಗ ನಳಿಗೆ ಇಟ್ಟು ಕುಡಿಸ್ರಿ ಅಂದಳು ನರ್ಸಮ್ಮ, ಗಂಡಸರ ವಾರ್ಡಿನವರು ಇಲ್ಲಿ ಬ್ಯಾಡ ಅಂದರು, ಹೆಂಗಸರ ವಾರ್ಡಿನವರು ಬ್ಯಾಡವೇ ಬ್ಯಾಡ ಅಂದರು, ಎರಡರ ನಡುವಿನ ದಾರಿಯಲ್ಲಿ ಮಂಚ ಹಾಕಿದ್ದಾರೆ, ಹೋಗುವವರು ಬರುವವರು ನಿಂತು ನೋಡುತ್ತಾರೆ, ಒಬ್ಬ ಮುದುಕಿ ಏನೈತೆ ನೋಡೋಣ ಅಂತ ಹೊದಿಕೆ ಎತ್ತಲು ಬಂದಳು — ನಾನು ಆ ಕೈಯನ್ನು ಹಿಡಿದು ತಿರುಚಿಬಿಟ್ಟೆ, ಒಣಗಿದ ಕೈ, ಲಟಕ್ಕೆಂದಿತು, ಆಕೆ ಚೀರಿದಳು, ನಾನು ಬಿಡಲಿಲ್ಲ, ನನ್ನೊಳಗೆ ಇಂಥದ್ದು ಇದೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ, ಒಂದು ಜಿರಳೆಯನ್ನೂ ಹೊಡೆಯದೆ ಪೊರಕೆಯಲ್ಲಿ ಆಚೆ ತಳ್ಳುವವಳು ನಾನು.

ಕೆಂಚವೀರಪ್ಪ ಬಂದಿರುವುದು ನನ್ನ ಹೇಳಿಕೆಗೆ, ಪೆಟ್ಟು ತಿಂದವಳಿಗೆ ಬಾಯಿಲ್ಲ, ಕಂಡವರು ಯಾರೂ ಬಾಯಿ ಬಿಡುತ್ತಿಲ್ಲ, ಅವಳ ಜೊತೆಯವರ ಮಾತನ್ನು ಪೊಲೀಸರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಉಳಿದವಳು ನಾನು, ಟೀ ಕುಡೀರಿ, ಗಂಜಿ ಸೋಸಿ ಬರ್ತೀನಿ ಎಂದು ಒಳಗೆ ಬಂದವಳು ಇನ್ನೂ ಸೋಸುತ್ತಲೇ ಇದ್ದೇನೆ, ಹಳೆಯ ಪಂಚೆಯ ತುಂಡು, ಹಿಂಡಿದರೆ ಬಿಸಿ ಗಂಜಿ ಬೆರಳ ಸಂದಿಯಲ್ಲಿ ಸುಡುತ್ತಾ ಇಳಿಯುತ್ತದೆ, ಸುಡಲಿ, ಪಡಸಾಲೆಯಲ್ಲಿ ಈಗ ನಗು ನಿಂತು ಕಾಯ್ದೆಯ ಮಾತು, ಹೊಡೆದ ಹುಡುಗ್ರ ಮ್ಯಾಲೆ ಮೂಳೆ ಮುರಿದ ಕೇಸು ಆಗತೈತ್ರಿ ಮೇಷ್ಟ್ರೆ, ಅದರ ಮ್ಯಾಲೆ ಏನೂ ಬರಲ್ಲ, ಜಾತಿ ಹಿಡಿದು ಬೈದಿದ್ರೆ ಒಂದು ಕಾಯ್ದೆ ಐತೆ, ಧರ್ಮದ ಹೆಸರಾಗ ಜನ ಎಬ್ಬಿಸಿದ್ರೆ ಒಂದೈತೆ, ಭಾಷೆ ಅಂದ್ರೂ ಐತೆ, ಇಂಥೋರಿಗೆ ಯಾವ ಪುಸ್ತಕದಾಗೂ ಹೆಸರಿಲ್ಲ, ಹೆಂಗಸು ಅಂತ ಬರ್ಕೊಂಡ್ರೆ ಮಾನಭಂಗದ್ದೊಂದು ಹಾಕಬಹುದಿತ್ತು, ಆದ್ರೆ ರೇಷನ್ ಕಾರ್ಡಿನಾಗ ಕೊಟ್ರೇಶ ಅಂತ ಐತಲ್ರಿ, ಅದಕ್ಕೆ ಇವರು, ಇರಬಾರ್ದು ಕೆಂಚ, ಮಾತಿಗೆ ಕಾಯ್ದೆ ಇರಬಾರ್ದು, ಹೊಡೆದವನನ್ನ ಹಿಡಿ, ಗಲ್ಲಿಗೆ ಹಾಕು, ಆದ್ರೆ ಆಡಿದವನ ಬಾಯಿಗೆ ಬೀಗ ಹಾಕಬ್ಯಾಡ, ಇವತ್ತು ನನ್ನ ಬಾಯಿ ಮುಚ್ಚಿಸೋ ಕಾಯ್ದೆ ನಾಳೆ ಇಂಥೋರ ಬಾಯಿನೇ ಮುಚ್ಚಸ್ತೈತೆ, ಬಳ್ಳಾರಿ ಜೈಲಿನಾಗ ನೋಡೀನಿ ನಾನು — ನೋಡಿದ್ದಾರೆ, ಅದು ಸುಳ್ಳಲ್ಲ, ತುರ್ತುಪರಿಸ್ಥಿತಿಯಲ್ಲಿ ಒಂದು ಕರಪತ್ರ ಬರೆದದ್ದಕ್ಕೆ ಹಿಡಿದುಕೊಂಡು ಹೋದರು, ಆಗ ನನ್ನ ಹೊಟ್ಟೆ ತುಂಬಿತ್ತು, ಅಲ್ಲಿ ಇವರ ಅಂಗಾಲಿಗೆ ಲಾಠಿಯಲ್ಲಿ ಬಡಿದರಂತೆ, ಇಲ್ಲಿ ನಾನು ಹೆತ್ತೆ, ಸೂಲಗಿತ್ತಿ ದ್ಯಾಮವ್ವ ಗಂಡು ಅಂದಳು, ಕೊಟ್ಟೂರಿಗೆ ಹರಕೆ ಹೊತ್ತಿದ್ದೆ, ಗಂಡಾದರೆ ಕೊಟ್ರೇಶ ಹೆಣ್ಣಾದರೆ ಕೊಟ್ರವ್ವ, ಇವರು ಹೊರಗೆ ಬರುವಷ್ಟರಲ್ಲಿ ಕೂಸು ಗೋಡೆ ಹಿಡಿದು ನಡೆಯುತ್ತಿತ್ತು, ಕುಂಟುತ್ತಾ ಬಂದ ಅಪ್ಪನನ್ನು ನೋಡಿ ಅಳದೆ ಹೋಗಿ ಮೊಣಕಾಲು ಹಿಡಿದುಕೊಂಡಿತು, ಇವರು ನೆಲದ ಮೇಲೆ ಕೂತು ಅತ್ತರು, ನಾನು ಅದನ್ನೂ ನೋಡಿದವಳು, ಅದಕ್ಕೇ ಮಾತಿನ ವಿಷಯದಲ್ಲಿ ಇವರಿಗೆ ಎದುರು ಮಾತು ನನಗೆ ಎಂದೂ ಸಿಗಲಿಲ್ಲ.

ಕೂಸು ಉಂಡ್ತಾ, ಕೂಸು ಮಲಗ್ತಾ, ಕೂಸಿಗೆ ಜ್ವರ ಬಂತು, ಹಾಗೇ ಅನ್ನುತ್ತಿದ್ದೆ, ಮೀಸೆ ಮೂಡುವ ತನಕ ಅಂದೆ, ಕೂಸು ಅಂದರೆ ಗಂಡೂ ಅಲ್ಲ ಹೆಣ್ಣೂ ಅಲ್ಲ, ಬರೀ ನನ್ನದು, ಯಾರೂ ತಪ್ಪು ಹಿಡಿಯುವಂತಿಲ್ಲ, ಇವರು ಹಿಡಿದರು, ಇನ್ನೂ ಏನು ಕೂಸು ಕೂಸು, ಮಗ ಅನ್ನು, ನನ್ನ ಹಳೆಯ ರಿಬ್ಬನ್ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತದ್ದನ್ನು ಕಂಡ ದಿನ ಅಡಿಕೋಲಿನ ಅಂಚಿನಿಂದ ಗೆಣ್ಣಿನ ಮೇಲೆ ಹೊಡೆದರು, ಚರ್ಮ ಒಡೆಯುವ ತನಕ, ಗಂಡಸಿನ ಹಂಗೆ ನಿಂದ್ರು, ಗಂಡಸಿನ ಹಂಗೆ ಅಳು, ಅಳುವುದರಲ್ಲೂ ಗಂಡಸಿನ ಅಳು ಬೇರೆ ಇದೆ ಎಂದು ಆ ಮಗುವಿಗೆ ಹೇಗೆ ಗೊತ್ತಾಗಬೇಕು, ನಾನು ಗೆಣ್ಣಿಗೆ ಅರಿಶಿನ ಹಚ್ಚಿದೆ, ಅಷ್ಟೇ, ಕೊನೆಗೆ ಹರಿಹರಕ್ಕೆ ಓಡಿಹೋಯಿತು, ಓಡಿಹೋದಳು, ಸ್ಟೇಷನ್ ಹಿಂದಿನ ಓಣಿಯಲ್ಲಿ ಮುಮ್ತಾಜ್ ಮನೆಗೆ, ಅಂಥ ಮಕ್ಕಳಿಗೆಲ್ಲ ಮುಮ್ತಾಜೇ ತಾಯಿ, ನಾನು ಸೋಮವಾರ ದೇವಸ್ಥಾನಕ್ಕೆ ಅಂತ ಇವರಿಗೆ ಹೇಳಿ ಬಸ್ಸು ಹತ್ತುತ್ತಿದ್ದೆ, ದೇವಸ್ಥಾನಕ್ಕೂ ಹೋಗುತ್ತಿದ್ದೆ, ಆಮೇಲೆ ಅಲ್ಲಿಗೆ, ಏನಮ್ಮಾ ಬಂದ್ರಾ ನಿಮ್ಮ ಕೋಳಿಗೆ ಕಾಳು ಹಾಕಾಕೆ, ಏನು ಕಲ್ಸಿದ್ದೀರಿ ಮಗಳಿಗೆ, ರೊಟ್ಟಿ ಬಡಿ ಅಂದ್ರೆ ಭೂಪಟ ಬಡೀತಾಳೆ, ಅನ್ನುತ್ತಿದ್ದಳು ಮುಮ್ತಾಜ್, ಕೊಟ್ರವ್ವ ಸುಮ್ನಿರು ಅಮ್ಮಾ ಎಂದು ನಾಚುತ್ತಿದ್ದಳು, ನಾನು ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆಯುತ್ತಿದ್ದೆ, ಸೊಂಟದ ತನಕ ಬೆಳೆದಿತ್ತು, ಈಗ ಒಂದು ಕಡೆ ಬುಡದಿಂದ ಕಿತ್ತು ಬಂದಿದೆ, ಅಲ್ಲಿ ಚರ್ಮ ಕೆಂಪಗೆ, ಸುಲಿದ ಟೊಮೆಟೊ.

ಹೊಸ ಜಿಲ್ಲೆ ಆದ ಮೇಲೆ ಎಲ್ಲರಿಗೂ ಊರು ಚೊಕ್ಕ ಮಾಡುವ ಹುಚ್ಚು, ಸ್ಟೇಷನ್ ಹಿಂದಿನವರನ್ನು ಎಬ್ಬಿಸಬೇಕು ಎಂದು ಹರಿಹರದ ಮೈದಾನದಲ್ಲಿ ಸಭೆ, ಮಾತಾಡಲು ಇವರು, ಜೈಲು ಕಂಡವರು, ನಾನೂ ಬರ್ತೀನಿ ಎಂದು ಹೊರಟೆ, ಡಬ್ಬಿಯಲ್ಲಿ ಶೇಂಗಾ ಹೋಳಿಗೆ, ಸಭೆ ಮುಗಿದ ಮೇಲೆ ಅತ್ತ ಜಾರಿಕೊಳ್ಳೋಣ ಎಂದು, ಕೊಟ್ರವ್ವನಿಗೆ ಮುಂಚೆಯೇ ಹೇಳಿದ್ದೆ, ಸಭೆ ಕಡೆ ಸುಳೀಬ್ಯಾಡವ್ವ, ಅಪ್ಪ ಮೈಕಿನಾಗ ಮಾತಾಡೋದು ಕೇಳಿ ಎಷ್ಟು ವರ್ಷ ಆತವ್ವ, ದೂರ ನಿಂತು ಕೇಳ್ತೀನಿ, ನನ್ನ ಬೈದ್ರೂ ಚೆಂದ ಬೈತಾರೆ ಬಿಡು ಅಂದಿದ್ದಳು, ಇವರು ಮೈಕು ಹಿಡಿದರೆ ಮೈದಾನವೂ ತರಗತಿಯೇ, ಕನ್ನಡದಾಗ ಲಿಂಗ ಎಷ್ಟು ಹೇಳ್ರಿ, ಮೂರು ಎಂದು ಜನ ಕೂಗಿತು, ಯಾವ್ಯಾವು, ಪುಲ್ಲಿಂಗ ಸ್ತ್ರೀಲಿಂಗ ನಪುಂಸಕಲಿಂಗ, ಶಹಬ್ಬಾಸ್, ಬಂದನು ಅಂದ್ರೆ ಗಂಡಸು, ಬಂದಳು ಅಂದ್ರೆ ಹೆಂಗಸು, ಬಂತು ಅಂದ್ರೆ ಏನೇನು, ಕತ್ತೆ ಅಂದ ಒಬ್ಬ, ಎಮ್ಮೆ ಅಂದ ಇನ್ನೊಬ್ಬ, ಹೊಸಪೇಟೆ ಬಸ್ಸು ಅಂದ ಹಿಂದಿನಿಂದ ಮತ್ತೊಬ್ಬ, ಎಲ್ಲರೂ ನಕ್ಕರು, ಕತ್ತೆಗೆ ಬಾಡಿಗೆ ಮನಿ ಯಾಕ ಬೇಕ್ರಿ, ಎಮ್ಮೆಗೆ ಸ್ಟೇಷನ್ ಪಕ್ಕ ಓಣಿ ಯಾಕ, ಇನ್ನೂ ನಗು, ಆಗ ಮಂಡಕ್ಕಿ ಗಾಡಿಯ ಪಕ್ಕ ಗಿಳಿಹಸಿರು ಸೀರೆ, ನಾನೇ ಕೊಟ್ಟ ಸೀರೆ, ಸೆರಗು ತಲೆಯ ಮೇಲೆ, ಕತ್ತು ಉದ್ದ ಮಾಡಿ ಅಪ್ಪನನ್ನು ನೋಡುತ್ತಿದ್ದಾಳೆ, ಇವರ ಮಾತು ನಿಂತಿತು, ಕನ್ನಡಕ ತೆಗೆದರು, ಪಂಚೆಯ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ನೋಡಿದರು, ನಾನು ನೋಡಿದೆ ಅವರು ನೋಡಿದ್ದನ್ನು, ಮೊದಲ ಗೆಣ್ಣಿನಲ್ಲಿ ಸೊಟ್ಟಗಾದ ಆ ತೋರುಬೆರಳು ಮೇಲೆ ಬಂತು, ಉದಾಹರಣೆಗೆ, ಅಂದರು, ಅಗೋ, ಬಂತು ನೋಡ್ರಿ.

ತಲೆಗಳೆಲ್ಲ ಒಟ್ಟಿಗೆ ತಿರುಗಿದವು, ಆ ಬೆರಳು ಇನ್ನೂ ಗಾಳಿಯಲ್ಲಿತ್ತು, ಮುಂದಿನ ಸಾಲಿನ ಹುಡುಗರು ಚಾಪೆ ತುಳಿದು ಓಡಿದರು, ಬಂತು ಬಂತು ಎಂದು ಕೂಗುತ್ತಾ, ನನ್ನ ಡಬ್ಬಿ ಬಿತ್ತು, ಹೋಳಿಗೆಯ ಮೇಲೆ ಕಾಲುಗಳು, ಎದ್ದೆ, ಯಾರದೋ ಮೊಣಕೈ ಎದೆಗೆ ಬಡಿಯಿತು, ಬಿಡ್ರೋ ನನ್ನ ಕೂಸು ಅದು, ಅಂದೆ, ಆ ಗದ್ದಲದಲ್ಲಿ ನನ್ನ ಬಾಯಿಂದಲೂ ಅದು ಎಂದೇ ಬಂತು, ನೀರಿನ ಟ್ಯಾಂಕಿನ ಹತ್ತಿರ ಹಿಡಿದರು, ನಾನು ಹೋಗುವಷ್ಟರಲ್ಲಿ ಗೋಡೆಯಂಥ ಬೆನ್ನುಗಳು, ಬೆನ್ನುಗಳ ಆಚೆ ಒದ್ದೆ ಬಟ್ಟೆ ಒಗೆಯುವ ಸದ್ದು, ಥಪ್ ಥಪ್, ಕಾಲುಗಳ ನಡುವೆ ಗಿಳಿಹಸಿರು ಹರಿದುಕೊಂಡು ಹೋಯಿತು, ಜಡೆ ಹಿಡಿದು ಎಳೆದರು, ಜೊತೆಗೆ ಬಂದಿದ್ದ ಮುಮ್ತಾಜ್ ಕೊಟ್ರವ್ವನ ಮೇಲೆ ಬಿದ್ದು ತಬ್ಬಿಕೊಂಡಿದ್ದಳು, ಅವಳ ಬೆನ್ನ ಮೇಲೂ ಒದೆ, ನಾನು ಒಬ್ಬನ ಕಿವಿ ಕಚ್ಚಿದೆ, ಬಾಯಿ ತುಂಬ ಉಪ್ಪು, ಪೊಲೀಸ್ ಸೀಟಿ, ಬೆನ್ನುಗಳು ಕರಗಿದವು, ನೆಲದ ಮೇಲೆ ಕೊಟ್ರವ್ವನ ಮುಖ ಒಂದು ಕಡೆಗೆ ಜರುಗಿತ್ತು, ಗದ್ದ ಕಿವಿಯ ಕೆಳಗೆ ಹೋಗಿತ್ತು, ದೂರದಲ್ಲಿ ಮೈಕು ಇನ್ನೂ ಶಾಂತವಾಗಿರ್ರಿ ಶಾಂತವಾಗಿರ್ರಿ ಅನ್ನುತ್ತಿತ್ತು, ಆ ರಾತ್ರಿ ಇವರು ಊಟ ಮಾಡಲಿಲ್ಲ, ನಾನು ಹೊಡಿ ಅಂದಿಲ್ಲ ಶಕುಂತಲಾ, ಹೆಸರು ಹೇಳಿಲ್ಲ, ಅವನು ಅಂತ ನನಗೆ ಕಾಣಲೇ ಇಲ್ಲ, ಕಣ್ಣು ಮಂಜು, ಅಂದರು, ಗೋಡೆಯ ಕಡೆ ತಿರುಗಿ ಮಲಗಿದರು, ಕೈ ತಲೆದಿಂಬಿನ ಮೇಲೆ, ಆ ಬೆರಳು ಹೆಬ್ಬೆರಳಿಗೆ ಉಜ್ಜಿಕೊಳ್ಳುತ್ತಿತ್ತು, ಸೀಮೆಸುಣ್ಣದ ಪುಡಿ ಉದುರಿಸುವ ಹಾಗೆ. ಕತ್ತಲಿನಲ್ಲಿ ಅದೊಂದೇ ಸದ್ದು.

ಅಮ್ಮಾರೆ, ಬರ್ರಿ, ಒಂದೆರಡು ಮಾತು ಹೇಳಿ ಮುಗಿಸಿಬಿಡ್ರಿ, ಕೂಗುತ್ತಾನೆ ಕೆಂಚವೀರಪ್ಪ, ಬಂದೆ, ಅಂದೆ, ಒಳಗಿನಿಂದಲೇ, ಯಾರು ಕರೆದರೂ ಅನ್ನುವ ಹಾಗೆ ಬಂದೆ ಅಂದೆ, ಅಂದವಳ ಕೈಯಲ್ಲಿ ಪಂಚೆಯ ತುಂಡು ನಿಂತುಬಿಟ್ಟಿತು, ಬಂದೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮುಮ್ತಾಜ್ ಹೇಳಿದ್ದು, ಹೊಡಿಯೋರು ಕೇಳ್ತಿದ್ರಮ್ಮಾ, ಮೇಷ್ಟ್ರ ಪಾಠ ಒಪ್ಪಿಸು, ಬಂದನೋ ಬಂದಳೋ ಬಂತೋ, ಇವಳು ಬಂದಳು ಅಂದ್ಲು, ಕಪಾಳಕ್ಕೆ ಬಿತ್ತು, ಬಂದನು ಅನ್ನು ಅಂದ್ರು, ಅನ್ನಲಿಲ್ಲ, ಹೊಟ್ಟೆಗೆ ಒದ್ರು, ಬಂತು ಅನ್ನು, ಬಿಟ್ಟುಬಿಡ್ತೀವಿ ಅಂದ್ರು, ನಾನೂ ಅನ್ನೇ ತಾಯಿ, ಅಂದುಬಿಡೇ ಅಂದೆ, ಇವಳು ರಕ್ತ ಉಗುಳಿ ಮಕ ಎತ್ತಿ, ನಾನು ಬಂದೆ, ಅಂದ್ಲು, ಬಂದೆ, ಅಷ್ಟೇ, ಅದಕ್ಕೆ ಅವರ ಹತ್ರ ಜವಾಬು ಇರಲಿಲ್ಲಮ್ಮಾ, ಕಲ್ಲಿತ್ತು — ಸೆರಗಿಗೆ ಕೈ ಒರೆಸಿಕೊಂಡು ಪಡಸಾಲೆಗೆ ಬಂದಿದ್ದೇನೆ, ಕೂಡ್ರಿ ಅಮ್ಮಾರೆ, ಯಾರ್ಯಾರು ಇದ್ರು ಹೇಳ್ರಿ, ಇವರು ಕುರ್ಚಿಯಲ್ಲಿ, ನನ್ನನ್ನು ನೋಡದೆ, ಅವಳಿಗೇನು ಕಂಡಿರತೈತೆ, ಹೆಂಗಸರ ಕಡೆ ಕೂತಿದ್ಲು, ಅನ್ನುತ್ತಾರೆ, ಬರ್ಕೊಳ್ಳಪ್ಪ ಕೆಂಚವೀರಪ್ಪ, ಅನ್ನುತ್ತಿರುವುದು ನಾನೇ, ನನ್ನ ದನಿ ಗಂಜಿಯಷ್ಟು ತೆಳ್ಳಗಿದೆ, ಹೊಡೀರಿ ಅಂತ ಅನ್ನಲಿಲ್ಲ, ಹೆಸರೂ ಹೇಳಲಿಲ್ಲ, ಕನ್ನಡಕ ಒರೆಸಿ ಹಾಕ್ಕೊಂಡು, ಯಾರು ಅಂತ ಚೆನ್ನಾಗಿ ನೋಡಿ, ನನ್ನ ಮಗಳ ಕಡೆ ಬೆರಳು ತೋರ್ಸಿದ್ರು, ಕೆಂಚವೀರಪ್ಪನ ಪೆನ್ನು ನಿಂತಿದೆ, ಯಾರ್ರಿ ಅಮ್ಮಾರೆ, ಯಾರು ತೋರ್ಸಿದ್ದು, ನಿಮ್ಮ ಮೇಷ್ಟ್ರು, ಅನ್ನುತ್ತೇನೆ, ಸುಮ್ನಿರು, ಇವರ ದನಿ, ಬಾಯಿ ಮುಚ್ಚು ಶಕುಂತಲಾ, ಒಂದಕ್ಷರ ಆಡಿದ್ರೆ ನೋಡು, ಕುರ್ಚಿಯ ಕೈಮೇಲಿಂದ ಎದ್ದಿದೆ, ಮೇಲೆ ಬರುತ್ತಿದೆ, ನನ್ನ ಕಡೆ ತಿರುಗುತ್ತಿದೆ, ಮೊದಲ ಗೆಣ್ಣಿನಲ್ಲಿ ಸೊಟ್ಟ, ಉಗುರಿನ ಬುಡದಲ್ಲಿ ಇನ್ನೂ ಬಿಳಿ, ಆ ಬೆರಳು, ಇಳಿಯುತ್ತಿಲ್ಲ, ಆ ಬೆರಳು